ದುಬೈಯಲ್ಲಿ ಹಾಕುವ ಬೆಲ್ಟು ಬಜ್ಪೆಯಲ್ಲಿ ಬೇಡವೇ?

ಗಲ್ಫ್‌ನಿಂದ ರಜೆಯಲ್ಲಿ ಬರುವವರನ್ನು ಕರೆತರಲು ಬಜ್ಪೆ ವಿಮಾನ ನಿಲ್ದಾಣಕ್ಕೆ ಹೋಗದ ಮನೆ ನಮ್ಮ ಕಡೆ ಅಪರೂಪ. ಐದು ಜನ ಕೂರುವ ಕಾರಿನಲ್ಲಿ ಆರು ಜನ ಹೋಗುತ್ತೇವೆ, ಬರುವಾಗ ಏಳು ಜನರಾಗುತ್ತೇವೆ. ಡಿಕ್ಕಿ ತುಂಬ ಪೆಟ್ಟಿಗೆ, ಕಾಲ ಬಳಿ ಬ್ಯಾಗು, ಮಡಿಲಲ್ಲಿ ಮಗು. ವಿಮಾನ ಇಳಿದು ಬಂದ ಮಾವನೋ ಕಾಕನೋ ನಿನ್ನೆಯವರೆಗೂ ದುಬೈಯಲ್ಲಿ ಕಾರು ಹತ್ತಿದ ಕೂಡಲೇ, ಯಾರೂ ಹೇಳದೆಯೇ, ಸೀಟ್ ಬೆಲ್ಟ್ ಎಳೆದು ಹಾಕಿಕೊಳ್ಳುತ್ತಿದ್ದವರು. ವಿಮಾನದಲ್ಲೂ ಹಾಕಿಕೊಂಡೇ ಬಂದವರು. ಆದರೆ ಬಜ್ಪೆಯಲ್ಲಿ ನಮ್ಮ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತೊಡನೆ ಅವರಿಗೆ ಬೆಲ್ಟ್ ನೆನಪಾಗುವುದಿಲ್ಲ. ನೆನಪಾದರೂ ಬಕಲ್ ಸೀಟ್ ಕವರಿನ ಕೆಳಗೆ ಎಲ್ಲೋ ಹೂತುಹೋಗಿರುತ್ತದೆ.

ಇದಕ್ಕೆ ಕಾರಣ ಹುಡುಕುವುದು ಕಷ್ಟವೇನಲ್ಲ. ಯುಎಇಯಲ್ಲಿ 2017ರ ಜುಲೈ 1ರಿಂದ ಹಿಂದಿನ ಸೀಟಿನವರೂ ಸೇರಿ ಕಾರಿನಲ್ಲಿರುವ ಎಲ್ಲರಿಗೂ ಬೆಲ್ಟ್ ಕಡ್ಡಾಯ. ಒಬ್ಬರು ಹಾಕದಿದ್ದರೂ ಚಾಲಕನಿಗೆ 400 ದಿರ್ಹಂ ದಂಡ, ಲೈಸೆನ್ಸಿಗೆ 4 ಬ್ಲ್ಯಾಕ್ ಪಾಯಿಂಟ್. ಅಲ್ಲಿ ದಂಡದ ಭಯವಿದೆ, ಇಲ್ಲಿ ಇಲ್ಲ. ಹಾಗಾದರೆ ನಾವು ಬೆಲ್ಟ್ ಹಾಕುವುದು ಪೊಲೀಸರಿಗಾಗಿಯೋ, ನಮಗಾಗಿಯೋ?

ಇಲ್ಲಿಯೂ ಕಾನೂನು ಇಲ್ಲವೆಂದಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ 138ನೇ ನಿಯಮದಂತೆ ಚಾಲಕ, ಮುಂದಿನ ಸೀಟಿನವರು, ಮುಂದಕ್ಕೆ ಮುಖ ಮಾಡಿದ ಹಿಂದಿನ ಸೀಟಿನವರು ಎಲ್ಲರೂ ಬೆಲ್ಟ್ ಹಾಕಲೇಬೇಕು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಕಲಮಿನಂತೆ ಇದಕ್ಕೆ 1,000 ರೂಪಾಯಿ ದಂಡ. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟಿನ ರಕ್ಷಣೆ ಕೊಡದಿದ್ದರೂ ಅಷ್ಟೇ ದಂಡ. ಆದರೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿರುವುದು ಮುಂದಿನ ಎರಡು ಸೀಟಿನ ನಿಯಮ ಮಾತ್ರ.

ಈ ವಿಷಯವನ್ನು ಪಿಯು ವಿದ್ಯಾರ್ಥಿಗಳ ಮುಂದೆ ಇಡುವುದಕ್ಕೆ ಒಂದು ಕಾರಣವಿದೆ. ನಮ್ಮಲ್ಲಿ ಬಹುಪಾಲು ಜನರಿಗೆ 18 ತುಂಬಿಲ್ಲ. ಕಾರು ಓಡಿಸುವಂತಿಲ್ಲ. ಮುಂದಿನ ಸೀಟು ಮನೆಯ ಹಿರಿಯರಿಗೆ. ಹಾಗಾಗಿ ಹಿಂದಿನ ಸೀಟೇ ನಮ್ಮ ಸೀಟು. ಹಿಂದೆ ಕುಳಿತವರಿಗೆ ಏನೂ ಆಗುವುದಿಲ್ಲ ಎಂಬ ನಂಬಿಕೆ ಸುಳ್ಳಾದರೆ ಮೊದಲು ಪೆಟ್ಟು ಬೀಳುವುದು ನಮಗೇ.

ಆ ನಂಬಿಕೆ ಸುಳ್ಳೆಂದು ಇಡೀ ದೇಶ ನೋಡಿದೆ. 2022ರ ಸೆಪ್ಟೆಂಬರ್ 4ರಂದು ಟಾಟಾ ಸನ್ಸ್‌ನ ಮಾಜಿ ಅಧ್ಯಕ್ಷ ಸೈರಸ್ ಮಿಸ್ತ್ರಿ ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯಲ್ಲಿ ಅಪಘಾತದಲ್ಲಿ ತೀರಿಕೊಂಡರು. ಬಹಳ ಬೆಲೆಯ, ಸುರಕ್ಷತೆಗೆ ಹೆಸರಾದ ಕಾರು ಅದು. ಮುಂದೆ ಕುಳಿತಿದ್ದ ಇಬ್ಬರು ಗಾಯಗೊಂಡು ಬದುಕಿದರು, ಹಿಂದೆ ಕುಳಿತಿದ್ದ ಇಬ್ಬರು ಸತ್ತರು. ಹಿಂದಿನ ಇಬ್ಬರೂ ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದರು. ಅದೇ ವರ್ಷದ ಲೆಕ್ಕವನ್ನು ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯ ಕೊಟ್ಟಿದೆ. 2022ರಲ್ಲಿ ಬೆಲ್ಟ್ ಹಾಕದೆ ಅಪಘಾತದಲ್ಲಿ ಸತ್ತವರು 16,715 ಜನ. ಅವರಲ್ಲಿ 8,384 ಜನ ಚಾಲಕರು, 8,331 ಜನ ಪ್ರಯಾಣಿಕರು. ದಿನಕ್ಕೆ ಸುಮಾರು 45 ಜನ, ಹೆಚ್ಚುಕಡಿಮೆ ನಮ್ಮ ಒಂದು ತರಗತಿ.

ಬೆಲ್ಟ್ ಮಾಡುವ ಕೆಲಸವನ್ನು ಅರ್ಥ ಮಾಡಿಕೊಳ್ಳಲು ಪ್ರಥಮ ಪಿಯುಸಿಯ ಭೌತಶಾಸ್ತ್ರ ಸಾಕು. ಕಾರು 60 ಕಿ.ಮೀ. ವೇಗದಲ್ಲಿ ಹೋಗುವಾಗ ಒಳಗಿರುವ ನಾವೂ ಅದೇ ವೇಗದಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 16.7 ಮೀಟರ್ ಹೋಗುತ್ತಿರುತ್ತೇವೆ. ಕಾರು ಲಾರಿಗೆ ಬಡಿದು ನಿಂತರೂ ನಮ್ಮ ದೇಹ ನಿಲ್ಲುವುದಿಲ್ಲ, ನ್ಯೂಟನ್ನನ ಮೊದಲ ನಿಯಮದಂತೆ ಮುಂದಕ್ಕೇ ಹೋಗುತ್ತದೆ. ಸುಮಾರು 14 ಮೀಟರ್ ಎತ್ತರದಿಂದ, ಅಂದರೆ ನಾಲ್ಕನೇ ಮಹಡಿಯಿಂದ ಬಿದ್ದವನು ನೆಲ ಮುಟ್ಟುವ ವೇಗವೂ ಇದೇ. 60 ಕೆ.ಜಿ. ತೂಕದ ವಿದ್ಯಾರ್ಥಿಯಲ್ಲಿ ಆಗ ಇರುವ ಚಲನಶಕ್ತಿ ಸುಮಾರು 8,300 ಜೂಲ್.

ಈ ಶಕ್ತಿ ಎಷ್ಟು ದೂರದಲ್ಲಿ ಖರ್ಚಾಗುತ್ತದೆ ಎಂಬುದರ ಮೇಲೆ ಪ್ರಾಣ ನಿಂತಿದೆ. ಬೆಲ್ಟ್ ಹಾಕಿದ್ದರೆ ಕಾರಿನ ಮುಂಭಾಗ ನಜ್ಜುಗುಜ್ಜಾಗುತ್ತಾ ಹೋಗುವಾಗ ನಾವೂ ಕಾರಿನ ಜೊತೆಗೇ ನಿಧಾನವಾಗುತ್ತೇವೆ, ಬೆಲ್ಟ್ ಕೂಡ ಸ್ವಲ್ಪ ಹಿಗ್ಗುತ್ತದೆ. ಹೀಗೆ ಅರ್ಧ ಮೀಟರಿನಲ್ಲಿ ನಿಂತೆವೆಂದರೆ ದೇಹದ ಮೇಲೆ ಬೀಳುವ ಸರಾಸರಿ ಬಲ ನಮ್ಮ ತೂಕದ ಸುಮಾರು 28 ಪಟ್ಟು. ಎದೆ ನೋಯುತ್ತದೆ, ಚರ್ಮ ಕಂದುಗಟ್ಟುತ್ತದೆ, ಪಕ್ಕೆಲುಬು ಬಿರುಕು ಬಿಡಲೂಬಹುದು. ಆದರೆ ಬಲ ಸೊಂಟದ ಮತ್ತು ಎದೆಯ ಗಟ್ಟಿ ಮೂಳೆಗಳ ಮೇಲೆ ಹಂಚಿಹೋಗುವುದರಿಂದ ಬದುಕುವ ಅವಕಾಶವಿದೆ. ಬೆಲ್ಟ್ ಇಲ್ಲದೆ ತಲೆಯೋ ಎದೆಯೋ ಡ್ಯಾಶ್‌ಬೋರ್ಡಿಗೆ ಬಡಿದು 5 ಸೆಂ.ಮೀ. ಒಳಗೆ ನಿಂತರೆ ಅದೇ ಬಲ ಹತ್ತು ಪಟ್ಟು ಹೆಚ್ಚುತ್ತದೆ. ಅದನ್ನು ತಡೆದುಕೊಳ್ಳುವ ತಲೆಬುರುಡೆ ಇಲ್ಲ.

ಹಿಂದೆ ಬೆಲ್ಟ್ ಇಲ್ಲದೆ ಕುಳಿತವನು ತನಗೆ ಮಾತ್ರ ಅಪಾಯ ತಂದುಕೊಳ್ಳುವುದಿಲ್ಲ. ಅವನ ದೇಹ ಮುಂದಿನ ಸೀಟಿಗೆ ಬಡಿದು, ಬೆಲ್ಟ್ ಹಾಕಿ ಕುಳಿತ ತಂದೆಯನ್ನೋ ತಾಯಿಯನ್ನೋ ಜಜ್ಜುತ್ತದೆ. ಜಪಾನಿನ ಅಪಘಾತಗಳ ಬಗ್ಗೆ 2002ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹಿಂದಿನವರು ಬೆಲ್ಟ್ ಹಾಕದಿದ್ದಾಗ ಮುಂದೆ ಬೆಲ್ಟ್ ಹಾಕಿ ಕುಳಿತವರ ಸಾವಿನ ಅಪಾಯ ಸುಮಾರು ಐದು ಪಟ್ಟು ಹೆಚ್ಚು. ಮಡಿಲಲ್ಲಿರುವ ಮಗುವಿನ ಲೆಕ್ಕವೂ ಇಂಥದ್ದೇ. 50 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ 10 ಕೆ.ಜಿ. ಮಗುವನ್ನು ಹಿಡಿದುಕೊಳ್ಳಲು ಸುಮಾರು 140 ಕೆ.ಜಿ. ಎತ್ತುವಷ್ಟು ಬಲ ಬೇಕು. ಯಾವ ಉಮ್ಮನ ಕೈಗೂ ಆ ಬಲವಿಲ್ಲ, ಪ್ರೀತಿ ಎಷ್ಟಿದ್ದರೂ.

ಬೆಲ್ಟ್ ಹಾಕುವವರಲ್ಲೂ ಬಹಳ ಜನ ಸರಿಯಾಗಿ ಹಾಕುವುದಿಲ್ಲ. ಈಗಿನ ಮೂರು ಬಿಂದುವಿನ ಬೆಲ್ಟನ್ನು ರೂಪಿಸಿದವರು ವೋಲ್ವೋ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್. 1959ರಲ್ಲಿ ಅದು ಕಾರುಗಳಲ್ಲಿ ಬಂತು, ಬೇರೆ ಕಂಪನಿಗಳೂ ಬಳಸಲಿ ಎಂದು ವೋಲ್ವೋ ಅದರ ಪೇಟೆಂಟನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಅದರ ಗುಟ್ಟು ಇಷ್ಟೇ: ಒಂದು ಪಟ್ಟಿ ಸೊಂಟವನ್ನು ಹಿಡಿಯಬೇಕು, ಇನ್ನೊಂದು ಎದೆಯನ್ನು. ಎರಡರಲ್ಲಿ ಒಂದು ಜಾಗ ತಪ್ಪಿದರೂ ಬೆಲ್ಟಿನಿಂದಲೇ ಗಾಯವಾಗಬಹುದು.

ಕೆಳಗಿನ ಪಟ್ಟಿ ಹೊಟ್ಟೆಯ ಮೇಲಲ್ಲ, ಅದಕ್ಕಿಂತ ಕೆಳಗೆ, ಸೊಂಟದ ಎರಡೂ ಬದಿಯ ಮೂಳೆಗಳ ಮೇಲೆ, ತೊಡೆಗೆ ತಾಗುವಂತೆ ಇರಬೇಕು. ಹೊಟ್ಟೆಯ ಮೇಲಿದ್ದರೆ ಅಪಘಾತದಲ್ಲಿ ಅದು ಕರುಳನ್ನು ಬೆನ್ನುಮೂಳೆಗೆ ಒತ್ತಿ ಹರಿಯಬಹುದು. ಮೇಲಿನ ಪಟ್ಟಿ ಭುಜ ಮತ್ತು ಕುತ್ತಿಗೆಯ ನಡುವಿನ ಮೂಳೆಯ ಮೇಲಿಂದ ಎದೆಯ ಮಧ್ಯದಲ್ಲಿ ಹಾಯಬೇಕು. ಕುತ್ತಿಗೆಗೆ ಉಜ್ಜುತ್ತದೆಂದು ಅದನ್ನು ಕಂಕುಳ ಕೆಳಗೆ ಸರಿಸುವುದು ಅಥವಾ ಬೆನ್ನ ಹಿಂದೆ ಹಾಕುವುದು ಬಹಳ ಅಪಾಯ. ಕೆಲವು ಕಾರುಗಳಲ್ಲಿ ಮುಂದಿನ ಬೆಲ್ಟಿನ ಮೇಲಿನ ಕೊಂಡಿಯನ್ನು ಎತ್ತರಿಸಿ ತಗ್ಗಿಸಬಹುದು, ಅದನ್ನು ಬಳಸಿಕೊಳ್ಳಿ. ಪಟ್ಟಿ ಎಲ್ಲೂ ತಿರುಚಿರಬಾರದು, ಸಡಿಲವಿರಬಾರದು. ಸೀಟನ್ನು ಪೂರ್ತಿ ಹಿಂದಕ್ಕೆ ಒರಗಿಸಿ ಮಲಗಿದರೆ ದೇಹ ಬೆಲ್ಟಿನ ಕೆಳಗಿನಿಂದ ಜಾರಿಹೋಗುತ್ತದೆ. ಒಂದು ಬೆಲ್ಟಿನಲ್ಲಿ ಇಬ್ಬರು ಕೂರುವುದು, ಮಗುವನ್ನು ಮಡಿಲಲ್ಲಿ ಕೂರಿಸಿ ಇಬ್ಬರಿಗೂ ಸೇರಿಸಿ ಹಾಕುವುದು ಎರಡೂ ತಪ್ಪು. ದೊಡ್ಡವರ ಭಾರ ಮಗುವಿನ ಮೇಲೆಯೇ ಬೀಳುತ್ತದೆ. ಬೆಲ್ಟ್ ಕುತ್ತಿಗೆಗೆ ತಾಗುವಷ್ಟು ಚಿಕ್ಕ ಮಕ್ಕಳಿಗೆ ಅವರ ಗಾತ್ರದ ಮಕ್ಕಳ ಸೀಟೇ ಬೇಕು.

ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಎರಡು ಮಾತು. ಬುರ್ಖಾ ಅಥವಾ ದಪ್ಪ ಶಾಲು ಹಾಕಿದವರು ಬಟ್ಟೆಯ ಮಡಿಕೆಗಳನ್ನು ಸರಿಸಿ ಬೆಲ್ಟ್ ಮೈಗೆ ಹತ್ತಿ ಕೂರುವಂತೆ ಮಾಡಿಕೊಂಡರೆ ಸಾಕು. ಬೆಲ್ಟ್ ಹಾಯುವ ಜಾಗದಲ್ಲಿ ಪಿನ್ ಚುಚ್ಚಿರಬಾರದು. ಗರ್ಭಿಣಿಯರು ಬೆಲ್ಟ್ ಹಾಕಬಾರದೆಂಬುದು ತಪ್ಪು ತಿಳಿವಳಿಕೆ. ಕೆಳಗಿನ ಪಟ್ಟಿ ಹೊಟ್ಟೆಯ ಉಬ್ಬಿನ ಕೆಳಗೆ, ಮೇಲಿನದು ಎದೆಯ ನಡುವೆ ಮತ್ತು ಹೊಟ್ಟೆಯ ಬದಿಯಲ್ಲಿ ಹಾಯಬೇಕು. ಅದು ತಾಯಿ ಮತ್ತು ಮಗು ಇಬ್ಬರಿಗೂ ರಕ್ಷಣೆ.

ಬೆಲ್ಟ್ ಹಾಕದಿದ್ದರೆ ಬಡಿದುಕೊಳ್ಳುವ ಅಲಾರಂ ನಿಲ್ಲಿಸಲು ಬಕಲ್‌ಗೆ ಸಿಕ್ಕಿಸುವ ಸಣ್ಣ ಕ್ಲಿಪ್ ಒಂದಿದೆ. 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಮಾರಾಟ ಕಂಪನಿಗಳಿಗೆ ಇದನ್ನು ತೆಗೆದುಹಾಕುವಂತೆ ಆದೇಶಿಸಿತು. ನಿಮ್ಮ ಮನೆಯ ಕಾರಿನಲ್ಲಿ ಅಂಥದ್ದಿದ್ದರೆ ಕಿತ್ತು ಕಸದ ಬುಟ್ಟಿಗೆ ಹಾಕಿ.

ಬೆಲ್ಟ್ ಬೇಡವೆನ್ನಲು ನಾವು ಹೇಳುವ ಕಾರಣಗಳು ಹಲವು. ಇಲ್ಲೇ ಪಕ್ಕದಲ್ಲಿ ಹೋಗುವುದಲ್ಲವೇ ಎನ್ನುತ್ತೇವೆ. ಮೇಲಿನ ಮಗುವಿನ ಲೆಕ್ಕ 50 ಕಿ.ಮೀ. ವೇಗದ್ದು, ಅದು ಪೇಟೆ ರಸ್ತೆಯ ವೇಗ. ಬೆಂಕಿ ಹತ್ತಿದರೆ, ಹೊಳೆಗೆ ಬಿದ್ದರೆ ಹೊರಬರುವುದು ಹೇಗೆ ಎನ್ನುತ್ತೇವೆ. ಅಂಥ ಅಪಘಾತ ವಿರಳ. ಆಗಲೂ ತಲೆ ಒಡೆದು ಪ್ರಜ್ಞೆ ತಪ್ಪಿದವನು ಬಾಗಿಲು ತೆಗೆಯಲಾರ, ಬೆಲ್ಟಿನಿಂದಾಗಿ ಎಚ್ಚರವಿದ್ದವನು ಬಕಲ್ ಒತ್ತಿ ಬರಬಲ್ಲ. ಏರ್‌ಬ್ಯಾಗ್ ಇದೆಯಲ್ಲ ಎನ್ನುತ್ತೇವೆ. ಅದರ ಮೇಲಿರುವ ಎಸ್‌ಆರ್‌ಎಸ್ ಅಕ್ಷರಗಳಲ್ಲಿ ಮೊದಲನೆಯದರ ಅರ್ಥವೇ ‘ಪೂರಕ’. ಅದು ಬೆಲ್ಟಿಗೆ ಪೂರಕ, ಬದಲಿಯಲ್ಲ.

ನಮ್ಮ ಮನೆಗಳಲ್ಲಿ ಕೇಳಿಬರುವ ಇನ್ನೊಂದು ಮಾತಿದೆ: ‘ಅಲ್ಲಾಹನು ಬರೆದದ್ದು ತಪ್ಪುವುದಿಲ್ಲ, ಬೆಲ್ಟ್ ಏನು ಮಾಡೀತು?’ ತಕ್ದೀರಿನಲ್ಲಿ ನಮಗೆಲ್ಲ ವಿಶ್ವಾಸವಿದೆ. ಆದರೆ ಒಂಟೆಯನ್ನು ಬಿಟ್ಟು ತವಕ್ಕುಲ್ ಮಾಡಲೇ ಎಂದು ಕೇಳಿದವರಿಗೆ ಪ್ರವಾದಿ(ಸ)ಯವರು ಮೊದಲು ಅದನ್ನು ಕಟ್ಟಲು, ಆಮೇಲೆ ತವಕ್ಕುಲ್ ಮಾಡಲು ಹೇಳಿದ ವರದಿ ತಿರ್ಮಿದಿಯಲ್ಲಿದೆ. ಸಿರಿಯಾದಲ್ಲಿ ಪ್ಲೇಗ್ ಇದೆಯೆಂದು ತಿಳಿದು ದಾರಿಯಿಂದಲೇ ಹಿಂತಿರುಗಿದ ಖಲೀಫಾ ಉಮರ್(ರ)ರನ್ನು, ಅಲ್ಲಾಹನ ವಿಧಿಯಿಂದ ಓಡಿಹೋಗುತ್ತೀರಾ ಎಂದು ಕೇಳಲಾಯಿತು. ಅಲ್ಲಾಹನ ಒಂದು ವಿಧಿಯಿಂದ ಇನ್ನೊಂದು ವಿಧಿಯತ್ತ ಹೋಗುತ್ತಿದ್ದೇನೆ ಎಂಬುದು ಅವರ ಉತ್ತರದ ಸಾರ. ವಾಹನ ಏರುವಾಗ ಪ್ರಯಾಣದ ದುಆ ಹೇಳುವ ನಮಗೆ ಬೆಲ್ಟ್ ಎಳೆಯಲು ಎರಡು ಸೆಕೆಂಡು ಹೆಚ್ಚಲ್ಲ. ದೇಹ ನಮ್ಮ ಕೈಗೆ ಕೊಟ್ಟ ಅಮಾನತ್ ಎಂದು ಮದ್ರಸದಲ್ಲಿ ಕಲಿತದ್ದು ಕಾರಿನಲ್ಲಿಯೂ ನೆನಪಿರಬೇಕು.

ಕೊನೆಯ ಪ್ರಶ್ನೆ, ಹಿರಿಯರಿಗೆ ಹೇಳುವುದು ಹೇಗೆ? ಅದು ಅದಬಿಗೆ ತಕ್ಕುದಲ್ಲ ಎಂಬ ಅಂಜಿಕೆ ನಮ್ಮಲ್ಲಿದೆ. ಉಪದೇಶ ಬೇಕಿಲ್ಲ. ಕಾರು ಹೊರಡುವ ಮೊದಲೇ ಸೀಟ್ ಕವರಿನ ಕೆಳಗಿನ ಬಕಲ್‌ಗಳನ್ನು ಮೇಲಕ್ಕೆ ತೆಗೆದಿಡಿ. ಪ್ರತಿ ಬೆಲ್ಟನ್ನೂ ಒಮ್ಮೆ ಝಟ್ಟನೆ ಎಳೆದು ಅದು ಬಿಗಿಯಾಗಿ ಹಿಡಿಯುತ್ತದೆಯೇ ನೋಡಿ. ಮೊದಲು ನೀವು ಹಾಕಿಕೊಳ್ಳಿ, ಆಮೇಲೆ ಪಕ್ಕದಲ್ಲಿರುವ ಅಜ್ಜಿಯ ಬೆಲ್ಟನ್ನು ಎಳೆದು ಅವರ ಕೈಗೆ ಕೊಡಿ. ಮೊಮ್ಮಕ್ಕಳು ಕೊಟ್ಟದ್ದನ್ನು ಬೇಡವೆನ್ನುವ ಅಜ್ಜಿಯರು ಕಡಿಮೆ. ನಿಕಾಹ್‌ಗೆ ಹೊರಡುವಾಗ ಇರುವ ಬೆಲ್ಟಿಗಿಂತ ಜನ ಹೆಚ್ಚಿದ್ದರೆ ಇನ್ನೊಂದು ಕಾರು ಮಾಡಿಸಲು ಹೇಳಿ. ಅದರ ಬಾಡಿಗೆ ಮದುವೆಯ ಖರ್ಚಿನಲ್ಲಿ ದೊಡ್ಡದಲ್ಲ.

ನಮ್ಮ ಕಾಲೇಜಿಗೂ ಒಂದು ಕೋರಿಕೆ. ಈ ವರ್ಷದ ಪ್ರವಾಸಕ್ಕೆ ವಾಹನ ಗೊತ್ತುಮಾಡುವಾಗ ಪ್ರತಿ ಸೀಟಿನಲ್ಲೂ ಕೆಲಸ ಮಾಡುವ ಬೆಲ್ಟ್ ಇರುವ ವಾಹನವನ್ನೇ ಕೇಳಿ ಪಡೆಯಬೇಕು. ಹಾಜರಿ ಕೂಗಿದ ಮೇಲೆ ಒಮ್ಮೆ ಬೆಲ್ಟ್ ನೋಡಿ, ಆಮೇಲೆ ಹೊರಡೋಣ.