ತೊಗರಿ ರಾಶಿಯ ಹೊತ್ತಿನ ಕ್ರಿಸ್‌ಮಸ್
ಆಳಂದಕ್ಕೆ ಲಾಡ್ಲೆ ಮಶಾಕರ ದರ್ಗಾ, ಅಫಜಲಪುರ ತಾಲ್ಲೂಕಿಗೆ ಗಾಣಗಾಪುರದ ದತ್ತಸನ್ನಿಧಿ. ಅಲ್ಲಿ ಒಬ್ಬನ ಭಕ್ತಿಗೆ ಸಾವಿರ ಜನರ ಆಸರೆ. ಇದೇ ಕಲಬುರಗಿ ಸೀಮೆಯ ಜೇವರ್ಗಿಯ ಕ್ರೈಸ್ತ ಮನೆಗಳಿಗೆ ಆ ಆಸರೆ ಕಡಿಮೆ. ಕ್ರಿಸ್‌ಮಸ್ ಬರುವುದೇ ತೊಗರಿ ಕಟಾವಿನ ಹೊತ್ತಿಗೆ. ದುಡಿಯಲು ಹೋದ ಮಕ್ಕಳು ಪುಣೆಯಲ್ಲೋ ಬೆಂಗಳೂರಿನಲ್ಲೋ. ದಲಿತರಾದರೆ 1950ರ ರಾಷ್ಟ್ರಪತಿ ಆದೇಶದಿಂದಾಗಿ ಪರಿಶಿಷ್ಟ ಜಾತಿಯ ಸ್ಥಾನವೂ ಇಲ್ಲ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ತೆರೆದ ಬಾಗಿಲು ಇವರಿಗೆ ತೆರೆದಿಲ್ಲ. ಮತ್ತೆ ಈ ಜನ ನಿಂತಿರುವುದು ಯಾವುದರ ಮೇಲೆ? ದೊಡ್ಡ ಸಮಾವೇಶಗಳ ಉತ್ಸಾಹ ವಾರಕ್ಕೇ ಇಳಿದುಹೋಗುತ್ತದೆ. ಉಳಿಯುವುದು ರೂಢಿ: ನಾಲ್ಕೇ ಜನರಿದ್ದರೂ ಸೇರುವ ಭಾನುವಾರ, ಕನ್ನಡದಲ್ಲಿ ಓದುವ ಬೈಬಲ್. ಆ ಬೈಬಲ್ಲೂ ಸಲೀಸಾಗಿ ಬಂದದ್ದಲ್ಲ. 1810ರಲ್ಲಿ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ಅನುವಾದ ಪೂರ್ತಿಯಾದದ್ದು 1831ರಲ್ಲಿ. ಈ ರೂಢಿಗೆ ಆಸರೆಯಾಗಬಲ್ಲ ಸಭೆಗಳೂ ಇವೆ: 2005ರಿಂದ ಕಲಬುರಗಿಗೆ ತನ್ನದೇ ಕಥೋಲಿಕ ಧರ್ಮಪ್ರಾಂತ್ಯವಿದೆ, ಮೆಥೋಡಿಸ್ಟರು ಅದಕ್ಕೂ ಹಳಬರು. ಎರಡೂ ಕಡೆಯ ಹಿರಿಯರಲ್ಲಿ ಒಂದು ಬೇಡಿಕೆ: ಡಿಸೆಂಬರಿನ ದೀಪಾಲಂಕಾರದ ಖರ್ಚು ಸ್ವಲ್ಪ ಕಡಿಮೆ ಮಾಡಿ, ಮಳೆಗಾಲದ ಭಾನುವಾರಗಳಂದೂ ಈ ಹಳ್ಳಿಗಳಿಗೆ ಒಬ್ಬ ಪಾದ್ರಿಯನ್ನೋ ಸಭಾಪಾಲಕರನ್ನೋ ತಪ್ಪದೆ ಕಳಿಸಿ.