ಎದೆಯ ಮೇಲಿನ ಬಾಕಿ ಚೀಟಿ

‘ಬ್ಯಾಡ್ಜ್ ಹಚ್ಚಿಕೊಂಡರೆ ಸರ್ಕಾರಿ ಶಾಲೆ ಉಳಿಯುತ್ತದೇನು?’ ಸಾರ್ವಜನಿಕ ಶಿಕ್ಷಣ ಉಳಿಸಿ ಎನ್ನುತ್ತ ಎಐಡಿಎಸ್‌ಒದಂಥ ಸಂಘಟನೆಗಳ ಹುಡುಗರು ವಾಡಿ, ಶಹಾಬಾದಿನ ಬೀದಿಗಿಳಿದಾಗಲೆಲ್ಲ ಈ ಕುಹಕ ಕೇಳುತ್ತೇನೆ. ಬ್ಯಾಡ್ಜ್ ಶಾಲೆ ಕಟ್ಟುವುದಿಲ್ಲ, ಒಪ್ಪುತ್ತೇನೆ. ಅದೊಂದು ಬಾಕಿ ಚೀಟಿ.

ಲೆಕ್ಕ ನೋಡಿ. ರಾಷ್ಟ್ರೀಯ ಆದಾಯದ ಶೇ 6ರಷ್ಟನ್ನು ಶಿಕ್ಷಣಕ್ಕೆ ಕೊಡಿ ಎಂದು ಕೊಠಾರಿ ಆಯೋಗ 1966ರಲ್ಲೇ ಹೇಳಿತು. 2020ರ ಶಿಕ್ಷಣ ನೀತಿಯೂ ಅದೇ ಶೇ 6ನ್ನು ಮತ್ತೆ ಬರೆಯಿತು. ಸಾಲ ತೀರಿದ್ದರೆ ಮತ್ತೆ ಬರೆಯುವುದೇಕೆ? ನಮ್ಮ ಭಾಗಕ್ಕೆಂದೇ 371(ಜೆ) ಬಂದು ದಶಕ ದಾಟಿತು. ಸೇಡಂ, ವಾಡಿಯ ಸಿಮೆಂಟು, ಶಹಾಬಾದಿನ ಹಾಸುಗಲ್ಲು ಊರೂರಿನ ಮನೆ ಕಟ್ಟಿದವು. ಚಿಂಚೋಳಿಯ ತಾಂಡಾದ ಮಗುವಿಗೆ ಮಾತ್ರ ಅತಿಥಿ ಶಿಕ್ಷಕರೇ ಸಾಕಂತೆ!

ಕುಹಕಿಗಳಿಗಿಂತ ನನಗೆ ಸಿಟ್ಟು, ಬ್ಯಾಡ್ಜ್ ಹಚ್ಚಿ ಫೋಟೊ ತೆಗೆಸಿಕೊಂಡು ಸಂಜೆಗೆ ಬಿಚ್ಚಿಡುವವರ ಮೇಲೆ. ಸೇಡಂ, ಚಿತ್ತಾಪುರದ ಗೆಳೆಯರೇ, ಅದನ್ನು ಹಚ್ಚಿಕೊಂಡೇ ನಿಮ್ಮೂರ ಶಾಲೆಯ ಎಸ್‌ಡಿಎಂಸಿ ಸಭೆಗೆ ಹೋಗಿ. ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು ಎಂದು ಕೇಳಿ ಬರೆದುಕೊಳ್ಳಿ. ಆ ಲೆಕ್ಕ ಹಿಡಿದು ಶಾಸಕರ ಮನೆಗೆ ನಡೆಯಿರಿ. ಸಾಲಗಾರನ ಬಾಗಿಲು ತಟ್ಟದ ಚೀಟಿ ಬರೀ ತಗಡು.