ಆಟದ ಇಟ್ಟಿಗೆಯ ಹಾಯಿಹಡಗು

ಡೆನ್ಮಾರ್ಕ್ ದೇಶದ ಬಿಲ್ಲುಂಡ್ ಎಂಬ ಊರಿನಲ್ಲಿ ಬಡಗಿಯೊಬ್ಬನು 1932ರಲ್ಲಿ ಆರಂಭಿಸಿದ ಉದ್ಯಮವೇ ಇಂದು ಜಗದ್ವಿಖ್ಯಾತವಾಗಿರುವ ಲೆಗೋ ಸಂಸ್ಥೆ. ಒಂದರ ಮೇಲೊಂದು ಬಿಗಿಯಾಗಿ ಕೂರುವ ಅದರ ಇಟ್ಟಿಗೆಯ ಪೇಟೆಂಟಿಗೆ ಅರ್ಜಿ ಸಂದುದು 1958ರಲ್ಲಿ. ಈ ಇಟ್ಟಿಗೆಗಳಿಂದ ಅಂಗೈಯಗಲದ ಹಾಯಿಹಡಗುಗಳನ್ನು ಕಟ್ಟುವುದು ಬಾಲಕರಿಗಲ್ಲದೆ ಪ್ರೌಢರಿಗೂ ಪ್ರಿಯವಾದ ವಿನೋದವಾಗಿದೆ. ಇದನ್ನು ಕೇವಲ ಕಾಲಹರಣವೆಂದು ಹಳಿಯುವವರ ಮಾತನ್ನು ನಾವು ಒಪ್ಪಲಾರೆವು.

ದೊಡ್ಡ ಮಾದರಿಯಲ್ಲಿ ಹಗ್ಗ, ಏಣಿ, ಫಿರಂಗಿ ಎಲ್ಲಕ್ಕೂ ಎಡೆಯುಂಟು. ಕಿರಿಯದರಲ್ಲಿ ಅದಿಲ್ಲ. ಒಡಲು, ಕೂವೆಕಂಬ, ಹಾಯಿ, ಇಷ್ಟರಲ್ಲೇ ಹಡಗು ಹಡಗೆನಿಸಬೇಕು. ಯಾವುದನ್ನು ಬಿಡಬಹುದು, ಯಾವುದನ್ನು ಬಿಡಲಾಗದು ಎಂಬ ವಿವೇಚನೆಯೇ ಇಲ್ಲಿಯ ವಿದ್ಯೆ. ಆದರೆ ಪೆಟ್ಟಿಗೆಯೊಡನೆ ಬರುವ ಪುಸ್ತಿಕೆಯನ್ನು ಪುಟಪುಟವಾಗಿ ಅನುಸರಿಸುವುದರಲ್ಲೇ ನಿಂತುಬಿಡುವ ಬಾಲಕನಿಗೆ ಆ ವಿದ್ಯೆ ದಕ್ಕದು. ಅವನು ಕಲಿಯುವುದು ವಿಧೇಯತೆಯನ್ನು ಮಾತ್ರ.

ಇದಕ್ಕೆ ಸಂಸ್ಥೆಯ ಚರಿತ್ರೆಯೇ ಸಾಕ್ಷಿ. 2018ರಲ್ಲಿ ಅದು ಸೀಸೆಯೊಳಗಿನ ಹಡಗೊಂದನ್ನು 962 ತುಂಡುಗಳ ಪೆಟ್ಟಿಗೆಯಾಗಿ ಹೊರತಂದಿತು. ಅದರ ಮೂಲ ಕಲ್ಪನೆ ಹವ್ಯಾಸಿಯೊಬ್ಬನದು. 10,000 ಮಂದಿ ಅನುಮೋದಿಸಿದ ಮೇಲೆ ಸಂಸ್ಥೆಯು ಪರಿಶೀಲಿಸಿ ಅದನ್ನು ಸ್ವೀಕರಿಸಿತು. ಪುಸ್ತಿಕೆಯ ಹಂಗಿಲ್ಲದೆ ಕಟ್ಟಿದವನಿಂದಲೇ ಹೊಸ ಪುಸ್ತಿಕೆ ಹುಟ್ಟಿತು!

ಆದುದರಿಂದ ತಂದೆತಾಯಿಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ: ಪುಸ್ತಿಕೆಯಂತೆ ಮಗುವು ಒಮ್ಮೆ ಕಟ್ಟಲಿ. ಬಳಿಕ ಎಲ್ಲವನ್ನೂ ಬಿಚ್ಚಿ, ಪುಸ್ತಿಕೆಯನ್ನು ಅಟ್ಟಕ್ಕೇರಿಸಿ, ತನ್ನ ಹಡಗನ್ನು ತಾನೇ ಕಲ್ಪಿಸಿಕೊಳ್ಳಲಿ. ಹಾಯಿ ತುಸು ಓರೆಯಾದರೆ ನಷ್ಟವೇನು? ಅನ್ಯರ ನಕ್ಷೆಯ ನೇರವಾದ ಹಾಯಿಗಿಂತ ಸ್ವಬುದ್ಧಿಯ ಓರೆ ಹಾಯಿಯೇ ಮೇಲು.